ನೀರಿಗಾಗಿ ಕೊಟ್ಟ ಮತ

ತಾಮ್ರದ ಗಣಿಯ ಕಮ್ಮಾರ ಜೋಸಯ ಟ್ರೆಂಬಾತ್ ಶಾಸನಸಭೆಗೆ ಹೋಗಬೇಕೆಂದು ಆಸೆಪಟ್ಟವನೇ ಅಲ್ಲ. ಭಾನುವಾರ ಚಾಪೆಲ್ಲಿನಲ್ಲಿ ಅವನು ಉಪದೇಶ ಮಾಡಿದರೆ ಕೊನೆಯ ಬೆಂಚಿನವರೆಗೂ ಕೇಳುತ್ತಿತ್ತು. ಊರವರಿಗೆ ಅಷ್ಟೇ ಸಾಕಾಯಿತು. ಕಾರ್ನ್‌ವಾಲ್‌ನಿಂದ ಹಡಗಿನಲ್ಲಿ ಅವನ ಜೊತೆಗೇ ಬಂದಿದ್ದ ಗೆಳೆಯ ಡಿಗೋರಿ ಹೆಸರು ಸೂಚಿಸಿದ. ಗಣಿಯವರೆಲ್ಲ ಸೇರಿ ಗೆಲ್ಲಿಸಿ, ಶಾಸನಸಭೆಯಿದ್ದ ಅಡಿಲೇಡಿನ ಗಾಡಿ ಹತ್ತಿಸಿಬಿಟ್ಟರು.

ಆ ಬೇಸಿಗೆಯಲ್ಲಿ ಊರಿನ ತೊಟ್ಟಿಗಳ ನೀರು ಕೆಟ್ಟು ಜ್ವರ ಹಬ್ಬಿತ್ತು. ಜೋಸಯನ ಕಿರಿಮಗಳು ತಾಮ್ಸಿನ್ ಅದರಲ್ಲೇ ತೀರಿಹೋಗಿದ್ದಳು. ಗುಡ್ಡದ ಕೆರೆಯಿಂದ ಊರಿಗೆ ಕೊಳವೆ ಹಾಕಿಸಬೇಕು, ಕುರಿಹಿಂಡುಗಳ ಒಡೆಯರ ಕೈಲಿದ್ದ ಸುತ್ತಲಿನ ಹುಲ್ಲುಗಾವಲನ್ನು ಬಡವರಿಗೆ ಹಂಚಿಸಬೇಕು: ಈ ಎರಡು ಮಾತು ಕೊಟ್ಟು ಅವನು ಹೊರಟಿದ್ದ.

ಅಲ್ಲಿ ಮಂತ್ರಿಮಂಡಲಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಒಬ್ಬ ಮಂತ್ರಿಗೆ ಗೋಗರೆದು ಒಪ್ಪಿಸುವಷ್ಟರಲ್ಲಿ ಅವನ ಕುರ್ಚಿಯೇ ಹೋಗಿರುತ್ತಿತ್ತು. ಹೊಸಬನ ಹತ್ತಿರ ಮತ್ತೆ ಮೊದಲಿನಿಂದ ಶುರು. ಸದಸ್ಯರಿಗೆ ಸಂಬಳವಿರಲಿಲ್ಲ, ಅಧಿವೇಶನ ಮುಗಿದ ಕೂಡಲೇ ಊರಿಗೆ ಬಂದು ಸುತ್ತಿಗೆ ಹಿಡಿಯಬೇಕು. ವರ್ಷಗಳು ಹೀಗೇ ಸವೆದವು. ಕುರಿಹಿಂಡುಗಳ ಒಡೆಯರು ಸಭೆಯಲ್ಲಿ ಎಡೆಬಿಡದೆ ಮಾತಾಡುವಾಗ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಅವನು ಕಲಿತಿದ್ದ.

ಒಂದು ಮಧ್ಯಾಹ್ನ ಕಾಮಗಾರಿ ಮಂತ್ರಿ ಅವನನ್ನು ಪಡಸಾಲೆಗೆ ಕರೆದ.

“ಟ್ರೆಂಬಾತ್ ಅವರೇ, ನಿಮ್ಮ ಕೊಳವೆ ಈ ಸಲ ಮಂಜೂರಾಗತ್ತೆ. ಹುಲ್ಲುಗಾವಲು ಒಡೆಯರ ಕೈಲೇ ಉಳೀಲಿ ಅನ್ನೋ ಮಸೂದೆಗೆ ನಾಳೆ ನಮ್ಮ ಕಡೆ ನಿಂತ್ಕೊಳ್ಳಿ, ಸಾಕು.”

“ಅದನ್ನ ಹಂಚಿಸ್ತೀನಿ ಅಂತ ಮಾತು ಕೊಟ್ಟಿದೀನಿ, ಸ್ವಾಮಿ.”

“ನೀರು ತರ್ತೀನಿ ಅಂತಾನೂ ಕೊಟ್ಟಿದೀರಲ್ಲ. ಯಾವ್ದು ಬೇಕೋ ನೋಡ್ಕೊಳ್ಳಿ. ನಾವಿನ್ನೆಷ್ಟು ದಿನ ಇರ್ತೀವೋ ನಂಗೂ ಗೊತ್ತಿಲ್ಲ.”

ಮರುದಿನ ಮಸೂದೆ ಮತಕ್ಕೆ ಬಂದಾಗ ಜೋಸಯ ಎದ್ದು ಕುರಿ ಒಡೆಯರ ಸಾಲಿಗೆ ನಡೆದ. ಪಕ್ಕದವನು ಒಂದಿಷ್ಟು ಸರಿದು ಜಾಗ ಬಿಟ್ಟ.

ಅವನು ಊರಿಗೆ ಬಂದಾಗ ಡಿಗೋರಿ ಕುಲುಮೆಯ ಬಾಗಿಲಲ್ಲಿ ನಿಂತಿದ್ದ. ಇಬ್ಬರು ಗಂಡುಮಕ್ಕಳಿಗೆ ಜಮೀನು ಸಿಗುತ್ತದೆಂದು ಕಾದು ಕೂತಿದ್ದವನು ಅವನು.

“ಸಾಹುಕಾರ್ರ ಮನೆ ಊಟ ರುಚಿಯಾಗಿತ್ತೇನೋ?”

“ಅವ್ರ ಮನೇಲಿ ನೀರೂ ಕುಡಿದಿಲ್ಲ, ಡಿಗೋರಿ.”

“ಹಾಗಾದ್ರೆ ಪುಕ್ಕಟೆ ಮಾರ್ಕೊಂಡ್ಯಾ? ಅದಿನ್ನೂ ನಾಚಿಕೆಗೇಡು.”

ಜೋಸಯ ತಿದಿ ಒತ್ತತೊಡಗಿದ.

ಮುಂದಿನ ಚುನಾವಣೆಯಲ್ಲಿ ಹೆಂಡದಂಗಡಿಯವನೊಬ್ಬ ಅವನನ್ನು ಸೋಲಿಸಿದ. ಕೊಳವೆಯಲ್ಲಿ ನೀರು ಬಂದ ದಿನ ನಲ್ಲಿ ತಿರುಗಿಸಿದವನೂ, ಭಾಷಣ ಮಾಡಿದವನೂ ಆ ಹೊಸ ಸದಸ್ಯನೇ. ಜೋಸಯ ಗುಂಪಿನ ಹಿಂದೆ ನಿಂತಿದ್ದ. ಹೆಂಡತಿ ಕೆಜಾಯ ಬಕೆಟ್ ತುಂಬಿಸಿಕೊಂಡು ಬಂದಳು.

“ಬೇಜಾರಾಯ್ತಾ?” ಎಂದಳು.

“ಇಲ್ಲ ಕಣೇ. ಸುಸ್ತು. ಮನೆಗೆ ಹೋಗೋಣ ನಡಿ.”

“ಮಗು ಇದ್ದಾಗ್ಲೇ ಬಂದಿದ್ರೆ,” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಅವನು ಅವಳ ಕೈಯಿಂದ ಬಕೆಟ್ ತೆಗೆದುಕೊಂಡ.

ಆಮೇಲಿನ ಬೇಸಿಗೆಗಳಲ್ಲಿ ಜ್ವರ ಬರಲಿಲ್ಲ. ಡಿಗೋರಿಯ ಮಕ್ಕಳು ಜಮೀನಿಲ್ಲದೆ ದೂರದ ಬೆಳ್ಳಿ ಗಣಿಗೆ ಹೊರಟುಹೋದರು. ಮತ್ತೆ ಚುನಾವಣೆಗೆ ನಿಲ್ಲು ಎಂದು ಕೇಳಲು ಬಂದ ನಾಲ್ಕಾರು ಜನಕ್ಕೆ ಜೋಸಯ ಚಹಾ ಕೊಟ್ಟು, “ನನ್ ಕೈಲಾಗಲ್ಲ, ಬಿಟ್ಬಿಡ್ರಪ್ಪಾ,” ಎಂದು ಕಳಿಸಿದ.

ಅವನು ಸತ್ತಾಗ ಗಣಿಯವರು ಹಾಡುತ್ತ ಶವಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ಹೆಗಲು ಕೊಟ್ಟವರಲ್ಲಿ ಡಿಗೋರಿಯೂ ಇದ್ದ. ಮಣ್ಣು ಮಾಡಿದ ಮೇಲೆ ಕೆಜಾಯ ಡಿಗೋರಿಯನ್ನು ಊಟಕ್ಕೆ ಕರೆದಳು. ಅವನು ಟೋಪಿ ತೆಗೆದು ತಲೆಬಾಗಿಸಿ, ಒಳಗೆ ಬಾರದೆ ಹೊರಟುಹೋದ.