ಲಕ್ಕಿ ಗಿಡಕ್ಕೆ ನಾನು ಹಾಕಿದ ಸೊನ್ನೆ

ಕಳೆದ ಭಾನುವಾರ ಒಬ್ಬಳ ಕ್ಷಮೆ ಕೇಳಲು ನಂಜನಗೂಡಿನಲ್ಲಿ ಬಸ್ಸು ಹತ್ತಿದೆ. ಹನ್ನೆರಡು ವರ್ಷ ತಡವಾಗಿ.

ತಪ್ಪು ನಡೆದದ್ದು ಒಂದು ಲಕ್ಕಿ ಗಿಡದ ವಿಷಯದಲ್ಲಿ. ಬೇಲಿ ಸಾಲಿನಲ್ಲಿ ಬೆಳೆಯುತ್ತದಲ್ಲ, ನೆಗಡಿಯಾದರೆ ಸೊಪ್ಪು ಕುದಿಸಿ ಆವಿ ತೆಗೆದುಕೊಳ್ಳುತ್ತೇವಲ್ಲ, ಅದೇ. (ನಿಮ್ಮ ಮನೆಯಲ್ಲಿ ನೆಕ್ಕಿ ಅನ್ನುತ್ತಿರಬಹುದು.)

ಆಗ ನಾನು ಕಾಲೇಜಿನಲ್ಲಿ ಬಾಟನಿ ಪಾಠ ಮಾಡಲು ಸೇರಿ ಎರಡು ವರ್ಷ. ಸ್ಟ್ರಿಕ್ಟ್ ಮೇಡಂ ಅನ್ನಿಸಿಕೊಳ್ಳುವ ಆಸೆ. ಹೆಡತಲೆ ಎಂಬ ಊರಿನಿಂದ ಬರುತ್ತಿದ್ದ ನಂಜಮಣಿ ನನ್ನ ವಿದ್ಯಾರ್ಥಿನಿ. ರೈತರ ಮನೆಯ ಹುಡುಗಿ. ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕೈಗೊಂದು ಗಿಡ ಕೊಟ್ಟರೆ ಮಾತ್ರ ಮುಖ ಅರಳುತ್ತಿತ್ತು.

ಕೊನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳಿಗೆ ಲಕ್ಕಿ ಟೊಂಗೆ ಬಂತು. ಯಾವ ಕುಟುಂಬದ್ದೆಂದು ಗುರುತಿಸಬೇಕು, ಕಾರಣ ಬರೆಯಬೇಕು. ಪುಸ್ತಕದ ಪ್ರಕಾರ ಅದು ಲಂಟಾನದ ಕುಟುಂಬ. ಅವಳು ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬ ಎಂದು ಬರೆದಳು.

'ಯಾಕಮ್ಮ?' ಅಂದೆ.

'ಕಾಂಡ ಚೌಕ ಐತೆ ಮೇಡಂ. ಹೂವಿಗೆ ಎರಡು ತುಟಿ. ಎಲೆ ಉಜ್ಜುದ್ರೆ ವಾಸ್ನೆ. ಇದು ತುಳಸಿ ಕಡೇದೇ ಅನ್ನುಸ್ತು.'

'ಅನ್ನಿಸೋದಲ್ಲ. ಹೂವಿನ ಒಳಗೆ ನೋಡು. ಅಂಡಾಶಯದ ದಂಟು ತುಳಸಿಯಲ್ಲಿ ಬುಡದಿಂದ ಏಳುತ್ತೆ, ಇದರಲ್ಲಿ ತುದಿಯಿಂದ. ಪುಸ್ತಕ ಓದಿಲ್ವಾ?'

'ಓದಿದೀನಿ ಮೇಡಂ.' ಅಷ್ಟೇ. ಉತ್ತರವನ್ನು ತಿದ್ದಲಿಲ್ಲ. ಆದರೆ ನನ್ನ ಗದರಿಕೆಯ ನಂತರ ಉಳಿದ ಪ್ರಶ್ನೆಗಳನ್ನು ಅರ್ಧಕ್ಕೇ ಬಿಟ್ಟಳು.

ಸೊನ್ನೆ ಹಾಕಿದೆ. ಕೂಡಿ ನೋಡಿದರೆ ಪಾಸಾಗಲು ಎರಡು ಅಂಕ ಕಡಿಮೆ. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು, 'ಕೊಟ್ಟುಬಿಡಿ, ಹುಡುಗಿ ಗಿಡ ನೋಡಿ ಬರೆದಿದ್ದಾಳೆ' ಎಂದರು. ನಾನು ಒಪ್ಪಲಿಲ್ಲ. ಪುಸ್ತಕ ಅಂದರೆ ಪುಸ್ತಕ. ಅವಳು ಫೇಲಾದಳು; ಮತ್ತೆ ಪರೀಕ್ಷೆ ಕಟ್ಟಲು ಬರಲೇ ಇಲ್ಲ.

ಹೋದ ತಿಂಗಳು ಮೈಸೂರಿನಲ್ಲಿ ಅಧ್ಯಾಪಕರ ತರಬೇತಿ. ಊಟದ ನಂತರದ ಕ್ಲಾಸು, ಅರ್ಧ ಜನಕ್ಕೆ ತೂಕಡಿಕೆ. ಯುವ ಉಪನ್ಯಾಸಕಿಯೊಬ್ಬರು ಹೇಳಿದರು: 'ಹೊರರೂಪ ನೋಡಿ ವಿಂಗಡಿಸುವಾಗ ಎಡವಿದ್ದೇವೆ. ಡಿಎನ್‌ಎ ಹೋಲಿಸಿದಾಗ ಲಕ್ಕಿ, ತೇಗ ಎಲ್ಲ ತುಳಸಿ ಕುಟುಂಬಕ್ಕೇ ಸೇರುತ್ತವೆ. ಇದು ಹೊಸದೇನಲ್ಲ, ನಿಮಗೆಲ್ಲ ಗೊತ್ತಿರುತ್ತೆ.'

ನನಗೆ ಗೊತ್ತಿರಲಿಲ್ಲ. ಈ ವರ್ಷವೂ ಹಳೇ ನೋಟ್ಸನ್ನೇ ಓದಿ ಹೇಳಿದ್ದೆ.

'ಆಗ ಪುಸ್ತಕವೇ ಹಾಗಿತ್ತು, ನಿಮ್ಮ ತಪ್ಪೇನು?' ಎಂದರು ಪಕ್ಕದಲ್ಲಿದ್ದ ಸಹೋದ್ಯೋಗಿ. ನಿಜ. ಆದರೆ 'ಕಾರಣ ಚೆನ್ನಾಗಿದೆ, ನೋಡೋಣಮ್ಮ' ಅನ್ನಲು ಡಿಎನ್‌ಎ ಬೇಕಿತ್ತೇ?

ಹೆಡತಲೆಯಲ್ಲಿ ವಿಚಾರಿಸಿದೆ. ಟಿ. ನರಸೀಪುರ ತಾಲ್ಲೂಕಿಗೆ, ಸೋಮನಾಥಪುರದ ಹತ್ತಿರ ಕೊಟ್ಟಿದ್ದಾರೆ ಎಂದರು. ನಾನು ಹೋದಾಗ ನಂಜಮಣಿ ಸಂಜೆಯ ಹಾಲು ಕರೆಯುತ್ತಿದ್ದಳು. ಗುರುತು ಹಿಡಿದು, ಕೈ ತೊಳೆದು ಬಂದು ನನ್ನ ಕಾಲು ಮುಟ್ಟಿದಳು. (ಆಗ ನನಗೆ ಹೇಗಾಯಿತು ಎಂದು ಕೇಳಬೇಡಿ.)

'ಅವತ್ತು ನೀನು ಬರೆದದ್ದೇ ಸರಿ ಕಣಮ್ಮ' ಅಂದೆ. ಎಲ್ಲವನ್ನೂ ಹೇಳಿದೆ.

'ಮತ್ತೆ ಪರೀಕ್ಷೆ ಯಾಕೆ ಕಟ್ಟಲಿಲ್ಲ? ಮನೇಲಿ ಬೇಡ ಅಂದ್ರಾ?' ಹೂಂ ಅಂದುಬಿಟ್ಟರೆ ನನ್ನ ಪಾಪದಲ್ಲಿ ಇನ್ಯಾರಿಗಾದರೂ ಪಾಲು ಹೋಗುತ್ತದೆ ಎಂಬ ದುರಾಸೆ.

'ಇಲ್ಲ ಮೇಡಂ. ಅಪ್ಪ ಕಟ್ಟು ಅಂದ್ರು. ಮದ್ವೆ ಆದ್ಮೇಲೆ ಇವ್ರೂ ಬರಿ ಅಂದ್ರು. ನಾನೇ ಒಲ್ಲೆ ಅಂದೆ. ಕಣ್ಣಾರೆ ನೋಡಿ ಬರ್ದಿದ್ದೇ ತಪ್ಪು ಅಂದ್ಮೇಲೆ, ನಂಗೆ ತಲೆ ಇಲ್ಲ ಅಂದ್ಕಂಬುಟ್ಟೆ.'

ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಆಟ ಮುಗಿಸಿ ಮಗಳು ಬಂದಳು. ಐದನೇ ಕ್ಲಾಸಂತೆ.

'ಯಾರವ್ವ ಇವ್ರು?'

'ನಂಗೆ ಪಾಠ ಏಳ್ಕೊಟ್ಟ ಮೇಡಂ ಕಣವ್ವ.'

ನಾನು ಮಗುವನ್ನು ಹತ್ತಿರ ಕರೆದೆ. 'ನಿಮ್ಮಮ್ಮ ಎಷ್ಟು ಜಾಣೆ ಗೊತ್ತಾ? ಒಂದ್ಸಲ ನಾನು...'

ನಂಜಮಣಿ ನನ್ನ ಕೈಮೇಲೆ ಕೈಯಿಟ್ಟಳು. ಮಗಳನ್ನು ಒಳಗೆ ಕಳಿಸಿ ಮೆಲ್ಲಗೆ ಅಂದಳು: 'ಅವ್ಳಿಗೆ ಏಳ್ಬೇಡಿ ಮೇಡಂ. ಟೀಚರ್ ಏಳಿದ್ದನ್ನೆಲ್ಲ ಇನ್ನೂ ನಂಬ್ತಾಳೆ. ನಂಬ್ಲಿ ಬುಡಿ.'

ನಾನು ಸುಮ್ಮನಾದೆ. ತಾಯಿ ಬೇಡ ಅಂದದ್ದಕ್ಕೋ, ನನಗೂ ಅದೇ ಬೇಕಿತ್ತೋ?