ಬೇಸಿಗೆ ರಜೆಯ ಡ್ಯೂಟಿ

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷ ಹಿಂದಿನ ಮಾತು. ಮೊನ್ನೆ ಬಿ.ಪಿ. ಏರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಉಪ್ಪಿಲ್ಲದ ಗಂಜಿ ತಂದಿಟ್ಟರು. ಆ ಸಪ್ಪೆ ವಾಸನೆಗೇ ಟೀಚರ್ ನೆನಪಾದರು.

ಫಳ್ನೀರಿನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ನಾನು ಗಂಜಿ ಬೇಯಿಸುತ್ತಿದ್ದೆ. ಬೇಸಿಗೆ ರಜೆಯಲ್ಲಿ ಕಾಲೇಜಿನ ಹುಡುಗಿಯರು ರೋಗಿಗಳ ಊಟದ ಕೆಲಸ ಕಲಿಯಲಿಕ್ಕೆ ಬರುತ್ತಿದ್ದರು. ಇಂಟರ್ನ್‌ಶಿಪ್ ಎಂದು ಹೆಸರು. ಅವರನ್ನು ನೋಡಿಕೊಳ್ಳಲು ಅವರ ಕಾಲೇಜಿನ ಟೀಚರ್ ಉರ್ವದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಸೆಕೆಯಲ್ಲಿ, ಒಲೆಯ ಬದಿಯಲ್ಲೇ ನಿಲ್ಲುವವರು. ಕಿಡ್ನಿ ಕಾಯಿಲೆಯವರ ಬಟಾಟೆಯನ್ನು ಬೇಯಿಸುವ ಮೊದಲು ಯಾಕೆ ನೀರಲ್ಲಿ ನೆನೆಸುವುದು, ಸಕ್ಕರೆ ಕಾಯಿಲೆಯವರಿಗೆ ಅನ್ನ ಎಷ್ಟು, ಎಲ್ಲ ಹುಡುಗಿಯರ ಬಾಯಿಂದಲೇ ಹೇಳಿಸುತ್ತಿದ್ದರು. ತಪ್ಪಿದರೆ ಬೈಗುಳ...

ಒಂದು ದಿನ ನಾನು ಚುಚ್ಚಿದೆ. "ನಿಮಗೆಂತ ಟೀಚರ್, ರಜೆಯಲ್ಲೂ ಸಂಬಳ ಉಂಟು."

"ಎಲ್ಲಿಯ ಸಂಬಳ ಅಕ್ಕಾ? ನಾನು ಗೆಸ್ಟ್ ಲೆಕ್ಚರರ್. ಏಪ್ರಿಲ್, ಮೇ ಸೊನ್ನೆ. ಪೆಟ್ರೋಲೂ ನನ್ನದೇ."

"ಮತ್ತೆ ಎಂತಕ್ಕೆ ಬರುವುದು ಮಾರಾಯ್ರೆ?"

"ಬರದಿದ್ದರೆ ಜೂನಿನಲ್ಲಿ ನನ್ನನ್ನು ಕರೆಯುವುದಿಲ್ಲ."

ನನಗೆ ತಲೆಬಿಸಿಯಾಯಿತು. ನಮ್ಮ ಅಡುಗೆಮನೆಯಲ್ಲಿ ಶಿಫ್ಟು ಮೀರಿದರೆ ಓವರ್‌ಟೈಮ್ ದುಡ್ಡು ಕೊಡಬೇಕು. ಹಿಂದೆ ಒಮ್ಮೆ ಕೊಡದಿದ್ದಾಗ ನಾವೆಲ್ಲ ಒಟ್ಟಿಗೆ ಸೌಟು ಕೆಳಗಿಟ್ಟಿದ್ದೆವು. ಅದನ್ನು ಹೇಳಿದೆ. ಟೀಚರ್ ಬಟಾಟೆಯ ನೀರು ಬಸಿಯುತ್ತಾ ಕೇಳಿಸಿಕೊಂಡರು.

ಮರುವಾರ ಕಾಲೇಜಿನ ಪ್ರಿನ್ಸಿಪಾಲರು ಹುಡುಗಿಯರ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದರು. ಗಂಜಿಯ ಹಬೆಗೆ ಅವರ ಕನ್ನಡಕ ಮಂಜಾಯಿತು. ಒರೆಸುತ್ತಿದ್ದಾಗಲೇ ಟೀಚರ್ ಕೇಳಿಬಿಟ್ಟರು.

"ಸರ್, ಈ ಎರಡು ತಿಂಗಳ ಸಂಬಳ ಕೊಡಿಸಿ. ಇಲ್ಲದಿದ್ದರೆ ನಾಳೆಯಿಂದ ನಾನು ಬರುವುದಿಲ್ಲ."

"ಮಕ್ಕಳ ಭವಿಷ್ಯ ಅಲ್ವಾ ಮೇಡಂ. ಸೇವೆ ಅಂತ ತಿಳ್ಕೊಳ್ಳಿ."

"ಸೇವೆ ನಾನು ಚರ್ಚಿನಲ್ಲಿ ಮಾಡ್ತೇನೆ ಸರ್. ಇದು ಡ್ಯೂಟಿ."

ಹೇಳಿದಂತೆ ಮರುದಿನ ಬರಲಿಲ್ಲ. ಕೇಳುವವರಿಲ್ಲದೆ ಅಡುಗೆಮನೆಯ ಮ್ಯಾನೇಜರ್ ಆ ಹುಡುಗಿಯರನ್ನು ನೀರುಳ್ಳಿ ಸುಲಿಯಲು ಕೂರಿಸಿದ. ಕಲಿಯುವುದು ಅಲ್ಲಿಗೇ ನಿಂತಿತು. ಜೂನಿನಲ್ಲಿ ಕಾಲೇಜು ಟೀಚರನ್ನು ಕರೆಯಲಿಲ್ಲ. ಒಮ್ಮೆ ಉರ್ವ ಮಾರ್ಕೆಟಿನಲ್ಲಿ ಬಂಗುಡೆ ಮೀನು ಆರಿಸುತ್ತಾ ಸಿಕ್ಕಿದ್ದರು. "ಟ್ಯೂಷನ್ ಉಂಟು ಅಕ್ಕಾ. ಕೇಳಿದ್ದಕ್ಕೆ ಬೇಜಾರಿಲ್ಲ," ಎಂದರು. ಆಮೇಲೆ ಕಾಣಲೇ ಇಲ್ಲ...

ಮೊನ್ನೆ ಗಂಜಿ ಮುಗಿಸುವಾಗ ಬೇಸಿಗೆ ರಜೆಯ ಡ್ಯೂಟಿಗೆಂದು ವಾರ್ಡಿಗೆ ನಾಲ್ಕೈದು ವಿದ್ಯಾರ್ಥಿಗಳು ಬಂದರು. ಜೊತೆಗಿದ್ದ ಮೇಡಂ ನನ್ನನ್ನೇ ನೋಡಿದಳು. ಅಂದು ನೀರುಳ್ಳಿ ಸುಲಿದವಳು! ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಟೀಚರನ್ನು ವಿಚಾರಿಸಿದೆ.

"ಟೀಚರ್ ತೀರಿಹೋದರು ಅಕ್ಕಾ. ಹೋದ ಡಿಸೆಂಬರಿನಲ್ಲಿ. ಕ್ಯಾನ್ಸರ್."

ಅಳು ಬರಲಿಲ್ಲ. ಅಂಥವರು ಇನ್ನೊಬ್ಬರು ಸಿಗುವುದಿಲ್ಲ, ಅಷ್ಟು ಗೊತ್ತು. ಗಂಜಿಯ ಬಟ್ಟಲು ಬದಿಗಿಟ್ಟು ಕೇಳಿದೆ. "ನಿನಗೆ ಈ ಎರಡು ತಿಂಗಳ ಸಂಬಳ ಕೊಡ್ತಾರಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ. ಕೇಳಿದರೆ ಜೂನಿನಲ್ಲಿ..."

"ನಿನ್ನ ಹಾಗೆ ಎಷ್ಟು ಜನ ಉಂಟು?"

"ನನ್ನನ್ನೂ ಸೇರಿಸಿ ಐದು."

"ಟೀಚರ್ ಒಬ್ಬರೇ ಕೇಳಿದ್ದಕ್ಕೆ ತೆಗೆದುಹಾಕಿದರು. ಐವರನ್ನೂ ತೆಗೆದರೆ ಬೇಸಿಗೆಯಲ್ಲಿ ಮಕ್ಕಳ ಹಿಂದೆ ಯಾರು ಹೋಗುವುದು, ಪ್ರಿನ್ಸಿಪಾಲರಾ? ನಾಳೆ ಎಲ್ಲರೂ ಕಾಲೇಜಿನ ಗೇಟಿನ ಹತ್ತಿರ ನಿಲ್ಲಿ. ನಾನೂ ಬರ್ತೇನೆ."

"ನೀವೆಂತಕ್ಕೆ ಅಕ್ಕಾ?"

"ಟೀಚರ್ ಒಲೆಯ ಬದಿ ನಿಂತದ್ದನ್ನು ಕಣ್ಣಾರೆ ಕಂಡವಳು ನಾನು."

ಮರುದಿನ ಬೆಳಿಗ್ಗೆ ಡಿಸ್ಚಾರ್ಜ್ ಆಯಿತು. ಪಂಪ್‌ವೆಲ್‌ನ ಮನೆಗೆ ಹೋಗಲು ತಂಗಿ ರಿಕ್ಷಾ ಕರೆದಳು. ನಾನು ಡ್ರೈವರನಿಗೆ ಕಾಲೇಜಿನ ದಾರಿ ಹೇಳಿದೆ. "ಪುನಃ ಬಿ.ಪಿ. ಏರ್ತದೆ ಅಕ್ಕಾ," ಎಂದು ತಂಗಿ ರೇಗಿದಳು. ಏರಲಿ ಎಂದೆ. ಗೇಟಿನ ಹತ್ತಿರ ಅವಳೂ ಸೇರಿ ನಾಲ್ಕು ಜನ ಇದ್ದರು. ಐದನೆಯವರಿಗೆ ಸ್ವಲ್ಪ ಹೊತ್ತು ಕಾದೆವು. ಬರಲಿಲ್ಲ. ನಾವು ಒಳಗೆ ಹೋದೆವು.