ಮಾಸ್ತರರ ದ್ರಾಕ್ಷಿಬಳ್ಳಿ

ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಮಾಸ್ತರರು ಕತ್ತರಿಯನ್ನು ಪೆನ್ನಿನ ಹಾಗೆ ಕಿಸೆಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. "ಕತ್ತರಿ ಬೀಳದೆ ದ್ರಾಕ್ಷಿ ಹಿಡೂದಿಲ್ಲ, ಗೊತ್ತಾತಾ?" ಎಂದು ಬೇಲಿಯಾಚೆಯಿಂದ ಎಲ್ಲರಿಗೂ ಪಾಠ. ತಮ್ಮ ಬಳ್ಳಿಯ ಒಂದು ಚಿಗುರು ಕತ್ತರಿಸಲು ಮಾತ್ರ ಅವರಿಗೆ ಕೈ ಬರುತ್ತಿರಲಿಲ್ಲ. ಹಾಗಾಗಿ ವರ್ಷವರ್ಷವೂ ಅಂಗಳದ ತುಂಬ ಬರೀ ಎಲೆ.

ಒಮ್ಮೆ ಚಪ್ಪರ ಕುಸಿಯಿತು. ಮಾಸ್ತರರು ದೋಣಿಯವರಿಂದ ಹಳೆಯ ಮೀನುಬಲೆ ತಂದು, ತೊಳೆಯದೆಯೇ ಕಟ್ಟಿ, ಬಳ್ಳಿಯನ್ನು ಅದರ ಮೇಲೆ ಹಬ್ಬಿಸಿದರು. ವಾಸನೆ ಹಿಡಿದು ಬಂದ ಕೇರಿಯ ಬೆಕ್ಕುಗಳು ಬಲೆಯ ಜೊತೆಗೆ ಬಳ್ಳಿಯನ್ನೂ ಪರಚಿ ಹರಿದು ಮೋಟು ಮಾಡಿಟ್ಟವು. ಮಾಸ್ತರರು ಎರಡು ದಿನ ಊಟ ಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ಆ ಮೋಟು ಬಳ್ಳಿಯಲ್ಲೇ ಮೊದಲ ಸಲ ಗೊಂಚಲು ತೂಗಿದವು. ಮಾಸ್ತರರು ತಟ್ಟೆಯಲ್ಲಿ ಹಣ್ಣು ಹಿಡಿದು ನಮ್ಮನೆಗೆ ಬಂದರು. "ನಾ ಎಂತ ಹೇಳಿದ್ದೆ? ಕತ್ತರಿ ಬೀಳ್ಬೇಕು!" ಎನ್ನುತ್ತಲೇ, ಕಾಲಿಗೆ ಮೈ ಉಜ್ಜಲು ಬಂದ ಬೆಕ್ಕನ್ನು ಒದ್ದು ಓಡಿಸಿದರು.